ಬೀಗದ ಕೈ ಯಾರ ಕೈಯಲ್ಲಿರಬೇಕು?



ಜಿಲ್ಲಾ ಕೇಂದ್ರವೊಂದರ ಸಮಾಜದ ಕಾರ್ಯದರ್ಶಿಗಳು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಸಮಾಜಕ್ಕೆ ಸ್ವಂತ ಜಾಲತಾಣವಿದೆ. ಸದಸ್ಯರ ವಿಳಾಸಗಳು, ದಾಸೋಹ ನಿಧಿಯ ಲೆಕ್ಕ, ವಧೂ-ವರರ ವಿವರಗಳು ಅದರಲ್ಲಿವೆ. ಸದಸ್ಯರು ತಮ್ಮ ತಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಪ್ರವೇಶಿಸಬೇಕು. ಇಂಜಿನಿಯರಿಂಗ್ ಓದುತ್ತಿರುವ ಸದಸ್ಯರೊಬ್ಬರ ಮಗನು ಸೇವಾಭಾವದಿಂದ ಒಂದು ತಂತ್ರಾಂಶವನ್ನು ರಚಿಸಿಕೊಟ್ಟಿದ್ದಾನೆ. ಮನೆಯ ಅಥವಾ ಕಚೇರಿಯ ಕಂಪ್ಯೂಟರಿನಲ್ಲಿ ಅದನ್ನು ಸ್ಥಾಪಿಸಿಕೊಂಡರೆ ವಿಳಾಸದ ಚೀಟಿಗಳು ಮುದ್ರಿತವಾಗುತ್ತವೆ, ರಸೀದಿಗಳು ತಯಾರಾಗುತ್ತವೆ. ಆದರೆ ತೆರೆದೊಡನೆ ಅದು ಎರಡು ಚೌಕಗಳನ್ನು ತೋರಿಸಿ ಜಾಲತಾಣದ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. "ನಮ್ಮ ಹುಡುಗನೇ ಮಾಡಿದ್ದು. ಇವರು ನಿಜವಾದ ಸದಸ್ಯರೇ ಎಂದು ಪರಿಶೀಲಿಸಲು ಮಾತ್ರ ಕೇಳುತ್ತೇನೆ, ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ ಎನ್ನುತ್ತಾನೆ. ಕೊಡುವುದರಲ್ಲಿ ತಪ್ಪೇನಾದರೂ ಇದೆಯೇ?" ಎಂಬುದು ಕಾರ್ಯದರ್ಶಿಗಳ ಪ್ರಶ್ನೆ.

ಹುಡುಗನ ಸೇವಾಭಾವ ಪ್ರಶಂಸನೀಯ. ಆದರೂ ಕೊಡಬಾರದೆಂಬುದೇ ನನ್ನ ಉತ್ತರ. ಅವನ ಪ್ರಾಮಾಣಿಕತೆಯನ್ನು ಶಂಕಿಸಿ ಈ ಮಾತನ್ನು ಹೇಳುತ್ತಿಲ್ಲ. ಅವನು ಆರಿಸಿಕೊಂಡ ದಾರಿ ಒಂದು ಕಾಲಕ್ಕೆ ಎಲ್ಲರೂ ನಡೆದ ದಾರಿ, ಅನುಭವದಿಂದ ಪಾಠ ಕಲಿತು ಜಗತ್ತು ಕೈಬಿಟ್ಟ ದಾರಿ. ಇಂತಹ ಎರಡು ಚೌಕಗಳು ಇಂದು ಅನೇಕ ಮನೆಗಳ ಕಂಪ್ಯೂಟರುಗಳಲ್ಲಿ ಕಾಣಿಸಿಕೊಳ್ಳುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಜಾಲತಾಣವು ನಮ್ಮನ್ನು ಗುರುತಿಸುವ ಬಗೆಯನ್ನು ಮೊದಲು ತಿಳಿಯಬೇಕು. ಸರಿಯಾಗಿ ನಡೆಯುವ ಯಾವ ತಾಣವೂ ನಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಗಣಿತದ ಬೀಸುವ ಕಲ್ಲಿಗೆ ಹಾಕಿ ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಬೀಸಿದ ಹಿಟ್ಟಿನಿಂದ ಜೋಳದ ಕಾಳನ್ನು ಮರಳಿ ಕಟ್ಟಲಾಗದು. ನಾವು ಪ್ರತಿಸಲ ಪಾಸ್‌ವರ್ಡ್ ಕೊಟ್ಟಾಗಲೂ ತಾಣವು ಅದನ್ನು ಮತ್ತೆ ಬೀಸಿ ಎರಡೂ ಹಿಟ್ಟು ಒಂದೇ ಆಗಿದೆಯೇ ಎಂದು ಹೋಲಿಸುತ್ತದೆ. ಯುನಿಕ್ಸ್ ವ್ಯವಸ್ಥೆಯಲ್ಲಿ ಈ ಕ್ರಮ ನಡೆದುಬಂದ ಬಗೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ತಜ್ಞರು 1979ರಲ್ಲಿಯೇ ವಿವರಿಸಿದ್ದಾರೆ. ಎರಡು ಹಿಟ್ಟೂ ಹೊಂದಿಕೆಯಾದರೆ ತಾಣವು ನಮ್ಮ ಬ್ರೌಸರಿಗೆ ಕುಕಿ ಎಂಬ ಸಣ್ಣ ಗುರುತಿನ ಚೀಟಿಯನ್ನು ಕೊಡುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ರೂಪಿಸಿದ ಉಪಾಯವಿದು. ಆನಂತರ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೊಡಬೇಕಾಗಿಲ್ಲ, ಚೀಟಿಯನ್ನು ತೋರಿಸಿದರೆ ಸಾಕು.

ಇಲ್ಲಿ ಗಮನಿಸಬೇಕಾದುದು ಇಷ್ಟು. ಜಾಲತಾಣವೇ ಬಳಿಯಲ್ಲಿಟ್ಟುಕೊಳ್ಳಲು ಅಂಜುವ ವಸ್ತುವನ್ನು ಮೂರನೆಯವನಾದ ತಂತ್ರಾಂಶವು "ನನ್ನ ಕೈಗೆ ಕೊಡಿ, ನಾನು ತೋರಿಸಿಕೊಂಡು ಬರುತ್ತೇನೆ" ಎನ್ನುತ್ತಿದೆ!

ಅದು ತೋರಿಸಿಕೊಂಡು ಬರುವ ಬಗೆಯಾದರೂ ಹೇಗೆ? ನಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ತೆಗೆದುಕೊಂಡು, ಬ್ರೌಸರಿನ ವೇಷ ಧರಿಸಿ, ತಾಣದ ಲಾಗಿನ್ ನಮೂನೆಯನ್ನು ತಾನೇ ತುಂಬಿ ಕಳುಹಿಸುತ್ತದೆ. ಬಂದ ಉತ್ತರವನ್ನು ಓದಿ ಒಳಗೆ ಬಿಟ್ಟರೋ ಇಲ್ಲವೋ ಎಂದು ಊಹಿಸುತ್ತದೆ. ಊಹಿಸುತ್ತದೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಎಷ್ಟೋ ತಾಣಗಳು ಪಾಸ್‌ವರ್ಡ್ ತಪ್ಪಾದಾಗಲೂ ಎಲ್ಲವೂ ಸುಗಮವೆಂದು ಸಾರುವ 200 ಎಂಬ ಸಂಖ್ಯೆಯನ್ನೇ ಮೊದಲು ಕಳುಹಿಸಿ, ಅದರ ಹಿಂದೆ "ಪಾಸ್‌ವರ್ಡ್ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂಬ ಪುಟವನ್ನು ಕಳುಹಿಸುತ್ತವೆ. ಪುಟ ಬಂದಿತೆಂಬ ಅರ್ಥದಲ್ಲಿ ಮಾತ್ರ ಅದು ಸುಗಮ. ಹೊಸದಾಗಿ ಕಲಿತವರು ಆ ಸಂಖ್ಯೆಯನ್ನು ನಂಬಿ ಯಾರು ಏನು ಬರೆದರೂ ಒಳಗೆ ಬಿಡುವ ತಂತ್ರಾಂಶವನ್ನು ರಚಿಸಿಬಿಡುತ್ತಾರೆ. ಇನ್ನು ಕೆಲವರು ಉತ್ತರದ ಪುಟದಲ್ಲಿ "ಸುಸ್ವಾಗತ" ಎಂಬ ಪದವಿದೆಯೇ ಎಂದು ಹುಡುಕಿಸುತ್ತಾರೆ. ತಾಣವನ್ನು ನೋಡಿಕೊಳ್ಳುವವರು ಒಂದು ದಿನ ಆ ಪದವನ್ನು ತೆಗೆದು "ಶರಣು ಬನ್ನಿ" ಎಂದು ಬರೆದರೆ ಸದಸ್ಯರೆಲ್ಲರೂ ಹೊರಗೆ ನಿಲ್ಲಬೇಕಾಗುತ್ತದೆ. ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ತಾಣವು ಕೇಳತೊಡಗಿದರಂತೂ ಇಡೀ ಏರ್ಪಾಡು ಕುಸಿಯುತ್ತದೆ.

ಬೇಸಿಕ್ ದೃಢೀಕರಣವೆಂಬ ಮತ್ತೊಂದು ಹಳೆಯ ಕ್ರಮವಿದೆ. 1996ರ ಎಚ್‌ಟಿಟಿಪಿ 1.0 ವಿವರಣೆಯಲ್ಲಿಯೇ ಅದು ಬಂದಿದೆ. ಹೆಸರು ಮತ್ತು ಪಾಸ್‌ವರ್ಡನ್ನು ಜೋಡಿಸಿ, ಬೇಸ್64 ಎಂಬ ಅಕ್ಷರಮಾಲೆಗೆ ಬದಲಿಸಿ, ಪ್ರತಿಯೊಂದು ಕೋರಿಕೆಯೊಡನೆಯೂ ಕಳುಹಿಸುವುದು ಅದರ ರೀತಿ. ನೋಡುವವರಿಗೆ ಅದು ಗುಪ್ತಲಿಪಿಯಂತೆ ತೋರುತ್ತದೆ. ವಾಸ್ತವವಾಗಿ ಯಾರು ಬೇಕಾದರೂ ಕ್ಷಣದಲ್ಲಿ ಹಿಂದಕ್ಕೆ ಬದಲಿಸಿಕೊಳ್ಳಬಹುದು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಮಾತ್ರಕ್ಕೆ ಅದು ರಹಸ್ಯವಾದೀತೇ?

ಇವೆರಡಕ್ಕಿಂತಲೂ ಅಪಾಯಕರವಾದುದು ಇನ್ನೊಂದಿದೆ. ಕೆಲವು ತಂತ್ರಾಂಶಗಳು ಲಾಗಿನ್ ಪುಟದ ಗೊಡವೆಗೆ ಹೋಗದೆ, ಜಾಲತಾಣದ ಹಿಂದಿರುವ ದತ್ತಾಂಶದ ಉಗ್ರಾಣಕ್ಕೇ ನೇರವಾಗಿ ನುಗ್ಗಿ ಅಲ್ಲಿನ ಸದಸ್ಯರ ಪಟ್ಟಿಯೊಡನೆ ಹೋಲಿಸಿ ನೋಡುತ್ತವೆ. ಹಾಗೆ ಮಾಡಲು ಉಗ್ರಾಣದ ಪಾಸ್‌ವರ್ಡನ್ನು ತಂತ್ರಾಂಶದ ಒಳಗೆ ಬರೆದಿಡಬೇಕಾಗುತ್ತದೆ. ನೂರು ಮನೆಗಳಿಗೆ ಹಂಚಿದ ತಂತ್ರಾಂಶದಲ್ಲಿ ಅಡಗಿಸಿಟ್ಟ ಮಾತು ನೂರು ಮನೆಗಳಿಗೆ ಹಂಚಿದ ಮಾತೇ ಸರಿ. ಬಲ್ಲವರಿಗೆ ಅದನ್ನು ಬಿಡಿಸಿ ಓದುವುದು ಒಂದು ಸಂಜೆಯ ಕೆಲಸ. ಪರಿಶೀಲನೆಯ ತೀರ್ಪು ಕೂಡ ಸದಸ್ಯನ ಕಂಪ್ಯೂಟರಿನಲ್ಲಿಯೇ ಆಗುವುದಾದರೆ, ಆ ತೀರ್ಪನ್ನು ಅವನೇ ತಿದ್ದಿಕೊಳ್ಳಬಲ್ಲನು. ಆದ್ದರಿಂದ ತೀರ್ಪು ಯಾವಾಗಲೂ ತಾಣದ ಕಡೆಯಲ್ಲಿಯೇ ಆಗಬೇಕು.

ಹುಡುಗನು ಸಜ್ಜನನೇ ಎಂದು ಒಪ್ಪೋಣ. ಆದರೆ ಅವನ ತಂತ್ರಾಂಶಕ್ಕೆ ಪಾಸ್‌ವರ್ಡ್ ಕೊಟ್ಟವರು ಕೊಟ್ಟುದೇನು? ಅದಕ್ಕೆ ಬೇಕಾದುದು ವಿಳಾಸದ ಪಟ್ಟಿ ಮಾತ್ರ. ಕೊಟ್ಟುದಾದರೋ ಸಂಪೂರ್ಣ ಅಧಿಕಾರ. ಪಾಸ್‌ವರ್ಡ್ ಇದ್ದವರು ಸದಸ್ಯನ ಹೆಸರಿನಲ್ಲಿ ಏನನ್ನಾದರೂ ಬರೆಯಬಹುದು, ಅಳಿಸಬಹುದು, ಪಾಸ್‌ವರ್ಡನ್ನೇ ಬದಲಿಸಿ ಸದಸ್ಯನನ್ನು ಹೊರಗೆ ಹಾಕಬಹುದು. ತಾಣಕ್ಕೆ ಬಂದವರು ಸದಸ್ಯರೋ ತಂತ್ರಾಂಶವೋ ಎಂಬುದು ತಾಣಕ್ಕೆ ತಿಳಿಯದು. ನಾಳೆ ಹುಡುಗನು ಉದ್ಯೋಗಕ್ಕಾಗಿ ದೂರದ ಊರಿಗೆ ಹೋಗಿ, ಆ ತಂತ್ರಾಂಶವನ್ನು ಮತ್ತೊಬ್ಬರು ಮುಂದುವರಿಸಿದರೆ? ಅವನ ಕಂಪ್ಯೂಟರಿಗೇ ವೈರಸ್ ತಗುಲಿದರೆ? ಇನ್ನೊಂದು ಸತ್ಯವನ್ನೂ ಸಂಕೋಚವಿಲ್ಲದೆ ಹೇಳಬೇಕು: ನಮ್ಮ ಹಿರಿಯರಲ್ಲಿ ಬಹುಮಂದಿ ಎಲ್ಲ ಕಡೆಗೂ ಒಂದೇ ಪಾಸ್‌ವರ್ಡನ್ನು ಇಟ್ಟುಕೊಂಡಿರುತ್ತಾರೆ. ಸಮಾಜದ ತಾಣಕ್ಕೆ ಕೊಟ್ಟದ್ದೇ ಅಂಚೆಗೂ, ಅಂಚೆಯ ಮೂಲಕ ಬ್ಯಾಂಕಿಗೂ ದಾರಿ ತೆರೆಯುತ್ತದೆ. ಮದುವೆಯ ವಯಸ್ಸಿನ ನಮ್ಮ ಹೆಣ್ಣುಮಕ್ಕಳ ಭಾವಚಿತ್ರ, ಜನ್ಮದಿನಾಂಕ, ದೂರವಾಣಿ ಸಂಖ್ಯೆಗಳು ಅದೇ ಬಾಗಿಲಿನ ಒಳಗಿವೆ ಎಂಬುದನ್ನು ಸಮಾಜದ ಹಿರಿಯರು ನೆನೆಯಬೇಕು.

ಪವಿತ್ರವಾದುದನ್ನು ಲೌಕಿಕಕ್ಕೆ ಹೋಲಿಸುವುದು ಅಷ್ಟು ಉಚಿತವಲ್ಲವೆಂದು ಬಲ್ಲೆ. ಆದರೂ ನಮ್ಮ ಮನೆಯ ಮಕ್ಕಳಿಗೆ ಈ ವಿಷಯವನ್ನು ತಿಳಿಸಲು ಇದಕ್ಕಿಂತ ಹತ್ತಿರದ ಮಾತು ನನಗೆ ಹೊಳೆಯದು. ಗುರುವಿನಿಂದ ಪಡೆದ ಇಷ್ಟಲಿಂಗವನ್ನು ನಾವು ಇನ್ನೊಬ್ಬರ ಕೈಗಿತ್ತು ನಮ್ಮ ಪರವಾಗಿ ಪೂಜಿಸಿಕೊಡಿರೆಂದು ಕೇಳುವುದಿಲ್ಲ. ಅಂಗದ ಮೇಲೆ ಧರಿಸಿದವನೇ ಅಂಗೈಯಲ್ಲಿಟ್ಟು ಪೂಜಿಸಬೇಕು. ನಡುವೆ ಮಧ್ಯವರ್ತಿಗೆ ಅವಕಾಶವಿಲ್ಲ. ಪಾಸ್‌ವರ್ಡಿನ ವ್ಯವಹಾರವೂ ಸದಸ್ಯನಿಗೂ ತಾಣಕ್ಕೂ ನೇರವಾಗಿ ನಡೆಯಬೇಕಾದುದು.

ಹಾಗಾದರೆ ತಂತ್ರಾಂಶಗಳು ಜಾಲತಾಣದೊಡನೆ ವ್ಯವಹರಿಸಲೇಬಾರದೇ? ಧಾರಾಳವಾಗಿ ವ್ಯವಹರಿಸಬಹುದು. ಅದಕ್ಕಾಗಿ 2007ರಲ್ಲಿ ಓಆತ್ ಎಂಬ ಕ್ರಮವೊಂದು ರೂಪುಗೊಂಡಿತು. ಆಗ ಟ್ವಿಟರ್ ಎಂಬ ತಾಣವನ್ನು ಬಳಸಲು ಬೇರೆ ಬೇರೆ ಜನ ಬರೆದ ತಂತ್ರಾಂಶಗಳೆಲ್ಲವೂ ಸದಸ್ಯರ ಪಾಸ್‌ವರ್ಡನ್ನೇ ಕೇಳುತ್ತಿದ್ದವು. 2010ರ ಆಗಸ್ಟ್ ತಿಂಗಳ ಕೊನೆಗೆ ಟ್ವಿಟರ್ ಆ ಪದ್ಧತಿಯನ್ನು ನಿಲ್ಲಿಸಿತು. ಹೊಸ ಕ್ರಮಕ್ಕೆ ಬದಲಾಗದ ತಂತ್ರಾಂಶಗಳು ಕೆಲಸ ಮಾಡದೆ ನಿಂತವು. ಅಂತರಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಓಆತ್ 2.0 ಅನ್ನು ಪ್ರಕಟಿಸಿದಾಗ, ಪಾಸ್‌ವರ್ಡನ್ನೇ ತಂತ್ರಾಂಶಕ್ಕೆ ಕೊಡುವ ಹಳೆಯ ದಾರಿಯನ್ನೂ ಒಂದು ಮೂಲೆಯಲ್ಲಿ ಉಳಿಸಿಕೊಂಡಿತ್ತು. 2025ರ ಜನವರಿಯಲ್ಲಿ ಪ್ರಕಟವಾದ ಸುರಕ್ಷತಾ ಸೂಚನೆಯು ಆ ದಾರಿಯನ್ನು ಬಳಸಲೇಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿತು.

ಹೊಸ ಕ್ರಮ ಹೀಗಿದೆ. ತಂತ್ರಾಂಶದಲ್ಲಿ "ಲಾಗಿನ್" ಗುಂಡಿಯನ್ನು ಒತ್ತಿದರೆ ಅದು ತಾನು ಯಾವ ಚೌಕವನ್ನೂ ತೋರಿಸದೆ, ನಾವು ನಿತ್ಯ ಬಳಸುವ ಬ್ರೌಸರನ್ನು ತೆರೆದು ತಾಣದ ಬಾಗಿಲಿಗೆ ನಮ್ಮನ್ನು ಕರೆದೊಯ್ಯುತ್ತದೆ. ವಿಳಾಸದ ಪಟ್ಟಿಯಲ್ಲಿ ತಾಣದ ಹೆಸರು ಕಾಣುತ್ತದೆ. ಪಾಸ್‌ವರ್ಡ್, ಒ.ಟಿ.ಪಿ. ಎಲ್ಲವನ್ನೂ ಅಲ್ಲಿಯೇ ತಾಣಕ್ಕೆ ಕೊಡುತ್ತೇವೆ. ಆಗ ತಾಣವು "ಈ ತಂತ್ರಾಂಶವು ನಿಮ್ಮ ವಿಳಾಸದ ಪಟ್ಟಿಯನ್ನು ಓದಬೇಕೆನ್ನುತ್ತದೆ, ಒಪ್ಪಿಗೆಯೇ?" ಎಂದು ಕೇಳುತ್ತದೆ. ಒಪ್ಪಿದರೆ ಒಂದು ಸಂಕೇತವನ್ನು ತಂತ್ರಾಂಶಕ್ಕೆ ತಲಪಿಸುತ್ತದೆ. ತಲಪಿಸುವ ಉಪಾಯ ಸ್ವಾರಸ್ಯಕರವಾಗಿದೆ. ಪ್ರತಿಯೊಂದು ಕಂಪ್ಯೂಟರಿಗೂ ತನ್ನನ್ನು ತಾನೇ ಕರೆದುಕೊಳ್ಳುವ 127.0.0.1 ಎಂಬ ವಿಳಾಸವಿದೆ. ಅದಕ್ಕೆ ಕಳುಹಿಸಿದ ಮಾತು ಆ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ತಂತ್ರಾಂಶವು ಆ ವಿಳಾಸದಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ; ಬ್ರೌಸರು ಸಂಕೇತವನ್ನು ಅಲ್ಲಿಗೆ ಒಪ್ಪಿಸುತ್ತದೆ. ಈ ಸಂಕೇತವು ಒಂದೇ ಬಾರಿ ನಡೆಯುವಂಥದು, 10 ನಿಮಿಷಗಳಿಗಿಂತ ಹೆಚ್ಚು ಕಾಲ ಅದು ಬದುಕಿರಬಾರದೆಂಬ ಸೂಚನೆಯಿದೆ. ತಂತ್ರಾಂಶವು ಅದನ್ನು ತಾಣಕ್ಕೆ ಮರಳಿಸಿ ಟೋಕನ್ ಪಡೆಯುತ್ತದೆ. ಬ್ಯಾಂಕಿನಲ್ಲಿ ಕೊಡುವ ಟೋಕನಿನಂತೆಯೇ ಇದೂ ನಿರ್ದಿಷ್ಟ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ವಿಳಾಸ ಓದಲು ಕೊಟ್ಟ ಟೋಕನಿನಿಂದ ಪಾಸ್‌ವರ್ಡ್ ಬದಲಿಸಲಾಗದು.

ನಡುದಾರಿಯಲ್ಲಿ ಬೇರೊಂದು ತಂತ್ರಾಂಶವು ಸಂಕೇತವನ್ನು ಅಪಹರಿಸಿದರೆ? ಅದಕ್ಕೂ 2015ರಲ್ಲಿ ಪರಿಹಾರ ಬಂದಿತು. ತಂತ್ರಾಂಶವು ಮೊದಲೇ ಉದ್ದವಾದ ಗುಪ್ತಪದವೊಂದನ್ನು ತಾನೇ ಸೃಷ್ಟಿಸಿಕೊಂಡು, ಅದನ್ನು ಬೀಸಿದ ಹಿಟ್ಟನ್ನು ಮಾತ್ರ ತಾಣಕ್ಕೆ ಕಳುಹಿಸಿರುತ್ತದೆ. ಟೋಕನ್ ಕೇಳುವಾಗ ಮೂಲಪದವನ್ನು ತೋರಿಸಬೇಕು. ಸಂಕೇತವನ್ನು ಕದ್ದವನ ಬಳಿ ಮೂಲಪದವಿರುವುದಿಲ್ಲ. ತಂತ್ರಜ್ಞರು ಇದನ್ನು ಪಿಕ್ಸಿ ಎಂದು ಕರೆಯುತ್ತಾರೆ.

ಇಲ್ಲೊಂದು ಮೋಸದ ಮಾರ್ಗವಿದೆ, ಮನೆಯವರೆಲ್ಲರೂ ತಿಳಿದಿರಬೇಕು. ಕೆಲವು ತಂತ್ರಾಂಶಗಳು ನಮ್ಮ ಬ್ರೌಸರನ್ನು ತೆರೆಯದೆ ತಮ್ಮದೇ ಕಿಟಕಿಯೊಳಗೆ ತಾಣದ ಪುಟವನ್ನು ತೋರಿಸುತ್ತವೆ. ನೋಡಲು ಎಲ್ಲವೂ ಅದೇ. ಆದರೆ ಆ ಕಿಟಕಿಯು ತಂತ್ರಾಂಶದ ಸ್ವತ್ತು. ಅದರಲ್ಲಿ ನಾವು ಒತ್ತಿದ ಪ್ರತಿ ಅಕ್ಷರವನ್ನೂ ಅದು ಓದಬಲ್ಲದು. ಪುಟವು ನಿಜವಾದುದೋ ಬಣ್ಣ ಬಳಿದ ನಕಲೋ ಎಂದು ತಿಳಿಯುವ ಉಪಾಯವೂ ನಮಗಿಲ್ಲ. ಗೂಗಲ್ ಸಂಸ್ಥೆಯು 2017ರಲ್ಲಿ ಇಂತಹ ಒಳಕಿಟಕಿಗಳಿಂದ ಬರುವ ಲಾಗಿನ್ ಕೋರಿಕೆಗಳನ್ನು ತಡೆಯತೊಡಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 8252 ಎಂಬ ಸೂಚನೆಯೂ ಕಂಪ್ಯೂಟರ್ ಮತ್ತು ಮೊಬೈಲ್ ತಂತ್ರಾಂಶಗಳು ಒಳಕಿಟಕಿಯನ್ನು ಬಳಸಕೂಡದೆಂದು ವಿಧಿಸಿತು. ನಮ್ಮ ಬ್ರೌಸರಿನಲ್ಲಿ ಮೊದಲೇ ಲಾಗಿನ್ ಆಗಿದ್ದರೆ ಹೊಸ ಕ್ರಮದಲ್ಲಿ ಪಾಸ್‌ವರ್ಡನ್ನು ಮತ್ತೆ ಬರೆಯುವ ಪ್ರಸಂಗವೇ ಸಾಮಾನ್ಯವಾಗಿ ಬರುವುದಿಲ್ಲ. ಹಾಗಿದ್ದೂ ಒಂದು ಕಿಟಕಿ ಪಾಸ್‌ವರ್ಡನ್ನು ಕೇಳಿತೆಂದರೆ ಕೈ ತಡೆದು ಒಮ್ಮೆ ನೋಡುವುದು ಲೇಸು.

ತಾಯಂದಿರಿಗೂ ಹಿರಿಯರಿಗೂ ಚಿರಪರಿಚಿತವಾದ ಉದಾಹರಣೆಯೊಂದಿದೆ. ವಾಟ್ಸ್‌ಆಪನ್ನು ಕಂಪ್ಯೂಟರಿನಲ್ಲಿ ತೆರೆದರೆ ಅದು ಕಪ್ಪು ಬಿಳುಪು ಚುಕ್ಕೆಗಳ ಚೌಕವೊಂದನ್ನು ತೋರಿಸುತ್ತದೆ, ನಾವು ಅದನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡುತ್ತೇವೆ. ಕಂಪ್ಯೂಟರಿಗೆ ನಾವು ಯಾವ ಪಾಸ್‌ವರ್ಡನ್ನೂ ಒಪ್ಪಿಸಲಿಲ್ಲ. ಒಪ್ಪಿಗೆಯನ್ನು ಮೊಬೈಲು ಕೊಟ್ಟಿತು, ಬೇಡವೆನಿಸಿದಾಗ ಮೊಬೈಲಿನ "ಲಿಂಕ್ಡ್ ಡಿವೈಸಸ್" ಪಟ್ಟಿಯಿಂದ ಆ ಕಂಪ್ಯೂಟರನ್ನು ತೆಗೆದುಹಾಕಬಹುದು. ಟಿ.ವಿ.ಯ ಪರದೆಯಲ್ಲಿ ಅಕ್ಷರಗಳನ್ನು ತೋರಿಸಿ ಮೊಬೈಲಿನಲ್ಲಿ ಅವನ್ನು ಬರೆಯಲು ಹೇಳುವ ಕ್ರಮವೂ ಇದೇ ಜಾತಿಯದು. ಒಂದು ಎಚ್ಚರ ಮಾತ್ರ ಅಗತ್ಯ. ಆ ಅಕ್ಷರಗಳು ನಮ್ಮ ಕಣ್ಣೆದುರಿನ ಪರದೆಯಿಂದಲೇ ಬಂದಿರಬೇಕು. ದೂರವಾಣಿಯಲ್ಲಿಯೋ ಸಂದೇಶದಲ್ಲಿಯೋ ಅಪರಿಚಿತರು ಹೇಳಿದ ಅಕ್ಷರಗಳನ್ನು ಬರೆದರೆ ನಮ್ಮ ಖಾತೆಯ ಟೋಕನ್ ಅವರ ಯಂತ್ರಕ್ಕೆ ಹೋಗುತ್ತದೆ. ಈ ಬಗೆಯ ವಂಚನೆಯನ್ನು ಕುರಿತು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಎಚ್ಚರಿಸಿದೆ.

ಕೆಲವು ಹಿರಿಯರ ಇ-ಅಂಚೆ 2022ರಲ್ಲಿ ಇದ್ದಕ್ಕಿದ್ದಂತೆ ನಿಂತುಹೋದುದೂ ಈ ಬದಲಾವಣೆಯ ಫಲವೇ. ಪಾಸ್‌ವರ್ಡ್ ಸರಿಯಾಗಿದ್ದರೂ ತಪ್ಪೆಂದು ಕಂಪ್ಯೂಟರು ಹೇಳುತ್ತಿತ್ತು. ಆ ವರ್ಷದ ಮೇ 30ರಿಂದ ಗೂಗಲ್, ಕೇವಲ ಹೆಸರು ಮತ್ತು ಪಾಸ್‌ವರ್ಡಿನಿಂದ ಲಾಗಿನ್ ಆಗುವ ಹಳೆಯ ಅಂಚೆ ತಂತ್ರಾಂಶಗಳಿಗೆ ವೈಯಕ್ತಿಕ ಖಾತೆಗಳ ಬಾಗಿಲನ್ನು ಮುಚ್ಚಿತು. ಎರಡು ಹಂತದ ಪರಿಶೀಲನೆಯನ್ನು ಇಟ್ಟುಕೊಂಡವರಿಗೆ 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡೊಂದನ್ನು ಪಡೆಯುವ ಅವಕಾಶ ಉಳಿಯಿತು.

ಈಗ ಆ ತರುಣನಿಗೆ ನೇರವಾಗಿ ಎರಡು ಮಾತು. ತಮ್ಮಾ, ಸಣ್ಣ ಸಮಾಜದ ತಾಣಕ್ಕೆ ಓಆತ್ ಏರ್ಪಾಡು ಮಾಡುವುದು ಭಾರವೆಂದು ನೀನು ಹೇಳಬಹುದು. ಇಂತಹ ತಾಣಗಳಲ್ಲಿ ಅನೇಕವು ವರ್ಡ್‌ಪ್ರೆಸ್ ಮೇಲೆ ನಿಂತಿರುತ್ತವೆ. ನಿಮ್ಮದೂ ಹಾಗಿದ್ದರೆ ಕೆಲಸ ಹಗುರವಾಯಿತು. 2020ರ ಡಿಸೆಂಬರಿನಲ್ಲಿ ಬಂದ ವರ್ಡ್‌ಪ್ರೆಸ್ 5.6ರಿಂದ ಈಚೆಗೆ ಪ್ರತಿಯೊಬ್ಬ ಸದಸ್ಯನೂ ತನ್ನ ಮುಖ್ಯ ಪಾಸ್‌ವರ್ಡನ್ನು ಬಿಟ್ಟುಕೊಡದೆ, ಒಂದೊಂದು ತಂತ್ರಾಂಶಕ್ಕೆ 24 ಅಕ್ಷರಗಳ ಬೇರೆ ಬೇರೆ ಪಾಸ್‌ವರ್ಡುಗಳನ್ನು ಮಾಡಿಕೊಡಬಹುದು. ಅವನ್ನು ಒಂದೊಂದಾಗಿ ರದ್ದುಗೊಳಿಸಲೂಬಹುದು. ನಿನ್ನ ತಂತ್ರಾಂಶವು ಬ್ರೌಸರಿನಲ್ಲಿ ಒಪ್ಪಿಗೆಯ ಪುಟವನ್ನು ತೆರೆಯಲಿ. ಸದಸ್ಯರು ಅಲ್ಲಿ ಒಪ್ಪಿದ ಮೇಲೆ ದೊರೆಯುವ ಆ ಪ್ರತ್ಯೇಕ ಪಾಸ್‌ವರ್ಡಿನೊಡನೆ, ಇವರು ಯಾರು ಎಂದು ತಾಣವನ್ನೇ ಕೇಳು. ಸರಿಯಿದ್ದರೆ ಅದು ಸದಸ್ಯರ ಹೆಸರನ್ನು ಹೇಳುತ್ತದೆ, ಇಲ್ಲದಿದ್ದರೆ 401 ಎಂಬ ಸಂಖ್ಯೆಯನ್ನು ಕೊಟ್ಟು ನಿರಾಕರಿಸುತ್ತದೆ. ಪುಟದಲ್ಲಿ ಪದವನ್ನು ಹುಡುಕುವ ಗೋಜೇ ಇಲ್ಲ. ಇದು ಓಆತ್ ಟೋಕನಿನಷ್ಟು ಮಿತವಾದುದಲ್ಲ, ಸದಸ್ಯನಿಗಿರುವ ಅಧಿಕಾರವೆಲ್ಲವೂ ಇದಕ್ಕೂ ಇರುತ್ತದೆ. ಆದ್ದರಿಂದ ಕಚೇರಿಯ ಮುದ್ರಣದ ಕೆಲಸಕ್ಕೆ ಆಡಳಿತಾಧಿಕಾರವಿಲ್ಲದ ಕಿರಿಯ ಖಾತೆಯೊಂದನ್ನು ತೆರೆಸಿಕೊ. ತಾಣದ ವಿಳಾಸವು ಎಚ್‌ಟಿಟಿಪಿಎಸ್‌ನಿಂದಲೇ ಆರಂಭವಾಗಬೇಕು. ದೊರೆತುದನ್ನು ಬರಿಯ ಪಠ್ಯದ ಕಡತದಲ್ಲಿ ಬರೆದಿಡಬೇಡ. ವಿಂಡೋಸ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಕೀಚೈನ್ ಎಂಬ ಪೆಟ್ಟಿಗೆಗಳಿರುವುದು ಅದಕ್ಕಾಗಿಯೇ.

ಕಾರ್ಯದರ್ಶಿಗಳು ಮಾಡಬೇಕಾದ ಕೆಲಸವೂ ಒಂದಿದೆ. ಈಗಾಗಲೇ ತಂತ್ರಾಂಶದಲ್ಲಿ ಪಾಸ್‌ವರ್ಡ್ ಬರೆದ ಸದಸ್ಯರೆಲ್ಲರೂ ಅದನ್ನು ಬದಲಿಸಲಿ. ಅದೇ ಪದವನ್ನು ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಿಸಲಿ. ನಮ್ಮ ಸಂಘಸಂಸ್ಥೆಗಳಲ್ಲಿ ಕೋಶಾಧ್ಯಕ್ಷರು ಬದಲಾದಾಗ ತಿಜೋರಿಯ ಕೀಲಿಕೈಯನ್ನೂ ಚೆಕ್ ಪುಸ್ತಕವನ್ನೂ ಪಟ್ಟಿ ಮಾಡಿ ಸಹಿ ಪಡೆದು ಹಸ್ತಾಂತರಿಸುವ ಸಂಪ್ರದಾಯವಿದೆ. ಹಿಂದಿನವರ ಮನೆಯ ಕಂಪ್ಯೂಟರಿನಲ್ಲಿ ಉಳಿದ ಟೋಕನನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಷ್ಟೋ ತಾಣಗಳಲ್ಲಿ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ತಾಣದೊಳಗೆ ಹೋಗಿ, ಒಪ್ಪಿಗೆ ಪಡೆದ ತಂತ್ರಾಂಶಗಳ ಪಟ್ಟಿಯಲ್ಲಿ ಹೆಸರು ಹುಡುಕಿ ರದ್ದುಗೊಳಿಸಬೇಕು. ಗೂಗಲ್ ಖಾತೆಯಲ್ಲಿಯೂ ಇಂತಹ ಪಟ್ಟಿಯಿದೆ. ಹಸ್ತಾಂತರದ ಕಾಗದದಲ್ಲಿ ಅದಕ್ಕೊಂದು ಸಾಲನ್ನು ಸೇರಿಸಿ, ಹಳಬರೂ ಹೊಸಬರೂ ಒಟ್ಟಿಗೆ ಕುಳಿತು ಆ ಪಟ್ಟಿಯನ್ನು ನೋಡಿದರೆ ಅರ್ಧ ಗಂಟೆಯ ಕೆಲಸ.

ವಧೂ-ವರರ ಭಾವಚಿತ್ರಗಳನ್ನು ತಾಣದಲ್ಲಿ ಎಷ್ಟು ಕಾಲ ಇಡಬಹುದೆಂಬ ಇನ್ನೊಂದು ಪ್ರಶ್ನೆಯೂ ಅವರ ಪತ್ರದಲ್ಲಿದೆ. ಅದನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳೋಣ.